ಶೈತ್ಯಯಂತ್ರಗಳ ಚರಿತ್ರೆಯಲ್ಲಿ ಎಚ್ಚರಿಕೆಯ ಪ್ರಶ್ನೆ

ಚೆನ್ನೈ ನಗರದ ಕಡಲದಂಡೆಯಲ್ಲಿ ಇಂದು ವಿವೇಕಾನಂದ ಇಲ್ಲಂ ಎಂದು ಹೆಸರಾಗಿರುವ ಕಟ್ಟಡವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನೋಡಿರಬಹುದು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಕೆಲವು ದಿನ ತಂಗಿದ್ದರೆಂಬ ಕಾರಣದಿಂದ ಅದಕ್ಕೆ ಈ ಹೆಸರು ಬಂದಿದೆ. ಆದರೆ ಆ ಭಾಗದ ಜನ ಅದನ್ನು ಬಹುಕಾಲ ಐಸ್ ಹೌಸ್ ಎಂದೇ ಕರೆಯುತ್ತಿದ್ದರು. 1842ರ ಸುಮಾರಿಗೆ ಅದನ್ನು ಕಟ್ಟಿಸಿದ್ದು ಅಮೆರಿಕದ ಬಾಸ್ಟನ್ ನಗರದ ವರ್ತಕ ಫ್ರೆಡರಿಕ್ ಟ್ಯೂಡರನ ಮಂಜುಗಡ್ಡೆಯ ವ್ಯಾಪಾರ. ಚಳಿಗಾಲದಲ್ಲಿ ಅಲ್ಲಿನ ಕೆರೆಗಳ ಮೇಲೆ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ತುಂಬಿ ಕಳುಹಿಸುತ್ತಿದ್ದರು. 1833ರಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ನು ಮಂಜುಗಡ್ಡೆಯನ್ನು ಹೊತ್ತು ಬಾಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ಪ್ರಯಾಣದ ತರುವಾಯ ಕಲ್ಕತ್ತವನ್ನು ಸೇರಿದಾಗ ಅದರಲ್ಲಿ ಸುಮಾರು 100 ಟನ್ನು ಕರಗದೆ ಉಳಿದಿತ್ತು.

ಈ ವ್ಯಾಪಾರದಲ್ಲಿ ನಷ್ಟವಿತ್ತು, ಮೋಸವೂ ಇದ್ದಿರಬಹುದು. ಆದರೆ ಆ ಮಂಜುಗಡ್ಡೆ ಕೂಡಿಟ್ಟಿದ್ದ ಕಟ್ಟಡದ ನೆರೆಯಲ್ಲಿ ಮಲಗಿದವನಿಗೆ ಅದರಿಂದ ಪ್ರಾಣಭಯವಿರಲಿಲ್ಲ. ಕರಗಿದರೆ ನೀರಾಗುತ್ತಿತ್ತು, ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರದಿಂದ ಮಂಜುಗಡ್ಡೆ ಮಾಡುವುದು ಸಾಧ್ಯವಾದ ಮೇಲೆ ಈ ಸ್ಥಿತಿ ಬದಲಾಯಿತು. ಶೈತ್ಯವು ಅಗ್ಗವಾಯಿತು, ಊರೂರಿಗೂ ಬಂದಿತು. ಅದರ ಬೆನ್ನಿಗೇ ಹಿಂದೆ ಯಾರೂ ಕಾಣದಿದ್ದ ಒಂದು ಅಪಾಯವೂ ಬಂದಿತು. ಶೈತ್ಯೀಕರಣದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮಾಂಸ, ಹಾಲು, ಹಣ್ಣುಗಳ ದೂರಸಾಗಾಟವನ್ನು ಕುರಿತೇ ವಿಸ್ತಾರವಾಗಿ ಹೇಳಿ, ಈ ಅಪಾಯದ ಮಾತನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಮೊದಲು ವಿಷಕಾರಿಯಾದ ಅನಿಲಗಳಿದ್ದವು, ಆಮೇಲೆ ನಿರಪಾಯಕರವಾದವು ಬಂದವು ಎಂಬಷ್ಟಕ್ಕೆ ಅವರ ವಿವರಣೆ ನಿಲ್ಲುತ್ತದೆ. ಈ ಕ್ರಮ ಅಷ್ಟು ಸರಳವಾದುದಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದು ಶೈತ್ಯಯಂತ್ರ ಎಷ್ಟು ಕ್ಷೇಮಕರವೆಂಬುದು ಅದರೊಳಗಿನ ದ್ರವ್ಯ ಎಷ್ಟು ಸೌಮ್ಯವೆಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಅಪಾಯವು ತನ್ನ ಬರವನ್ನು ಮುಂದಾಗಿ ಸಾರುತ್ತದೆಯೇ, ಸಾರಿದಾಗ ಕೇಳಿ ನಡೆಯುವವರು ಇದ್ದಾರೆಯೇ ಎಂಬುದರಿಂದಲೂ ತೀರ್ಮಾನವಾಗುತ್ತದೆ.

ಇದನ್ನು ವಿವರಿಸಲು ಯಂತ್ರದ ತತ್ತ್ವವನ್ನು ಸ್ವಲ್ಪದರಲ್ಲಿ ಹೇಳಬೇಕು. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಇದೇ ಕಾರಣದಿಂದ. ಬೇಗ ಆವಿಯಾಗುವ ದ್ರವವೊಂದನ್ನು ಮುಚ್ಚಿದ ಕೊಳವೆಯಲ್ಲಿ ಆವಿಯಾಗಲು ಬಿಟ್ಟು, ಆ ಆವಿಯನ್ನು ಕಂಪ್ರೆಸರಿನಿಂದ ಒತ್ತಿ, ತಣ್ಣೀರಿನಿಂದ ತಣಿಸಿ ಮತ್ತೆ ದ್ರವವಾಗಿಸಿದರೆ ಅದನ್ನೇ ಸುತ್ತಿ ಸುತ್ತಿ ಬಳಸಬಹುದು. 1748ರಲ್ಲಿ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಕಲೆನ್ ಈಥರನ್ನು ಆವಿಯಾಗಿಸಿ ಮಂಜುಗಡ್ಡೆ ಮಾಡಿ ತೋರಿಸಿದ್ದನು. 1834ರಲ್ಲಿ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಆವಿಯನ್ನು ಒತ್ತುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1850ರ ದಶಕದಲ್ಲಿ ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಅದೇ ತತ್ತ್ವದ ಯಂತ್ರವನ್ನು ಉದ್ಯಮಕ್ಕೆ ತಂದನು. ಇವರೆಲ್ಲರೂ ಬಳಸಿದ ಈಥರ್ ಒಂದು ಕಿಡಿ ತಾಕಿದರೆ ಹೊತ್ತಿ ಸಿಡಿಯುವ ಪದಾರ್ಥ. ಹೀಗಿರಲಾಗಿ, ಜರ್ಮನಿಯ ಕಾರ್ಲ್ ಲಿಂಡೆ 1870ರ ದಶಕದಲ್ಲಿ ಮ್ಯೂನಿಚ್ ನಗರದ ಮದ್ಯ ತಯಾರಕರ ನೆರವಿನಿಂದ ತನ್ನ ಯಂತ್ರವನ್ನು ರೂಪಿಸುವಾಗ ಮೊದಲು ಮೀಥೈಲ್ ಈಥರನ್ನು ಪರೀಕ್ಷಿಸಿ, 1876ರ ಹೊತ್ತಿಗೆ ಅದನ್ನು ಬಿಟ್ಟು ಅಮೋನಿಯವನ್ನು ಹಿಡಿದನು. ಅದಕ್ಕೆ ಮುಂಚೆ ಫ್ರಾನ್ಸಿನ ಫರ್ಡಿನಂಡ್ ಕಾರೆ 1859ರಲ್ಲಿ ಬೇರೊಂದು ಬಗೆಯ ಯಂತ್ರದಲ್ಲಿ ಅಮೋನಿಯವನ್ನು ಬಳಸಿದ್ದನು. ಅಮೆರಿಕದಲ್ಲಿ ಡೇವಿಡ್ ಬಾಯ್ಲನೂ ಅದೇ ದಾರಿಯಲ್ಲಿದ್ದನು.

ಅಮೋನಿಯ ನಮ್ಮ ಜನಕ್ಕೆ ಅಪರಿಚಿತವಾದುದಲ್ಲ. ಕಲಾಯಿ ಹಾಕುವವನ ಕುಲುಮೆಯ ಬಳಿ ನವಸಾಗರದಿಂದ ಏಳುವ ಹೊಗೆಯನ್ನು ಬಾಲ್ಯದಲ್ಲಿ ಕಂಡವರು ಇನ್ನೂ ಇದ್ದಾರೆ. ಆ ನವಸಾಗರಕ್ಕೆ ಸುಣ್ಣ ಬೆರೆಸಿ ಉಜ್ಜಿದರೆ ಮೂಗಿಗೆ ಚುಚ್ಚುವಂತೆ ಏಳುವ ಘಾಟು ಅಮೋನಿಯದ್ದೇ. ಸಾಮಾನ್ಯ ಒತ್ತಡದಲ್ಲಿ ಅದು ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ಆವಿಯಾಗುವಾಗ ಹೀರುವ ಶಾಖ ಬಹಳ ಹೆಚ್ಚು. ಆದ್ದರಿಂದಲೇ ದೊಡ್ಡ ಯಂತ್ರಗಳಿಗೆ ಅದಕ್ಕೆ ಸಮನಾದ ದ್ರವ್ಯ ಸುಲಭವಾಗಿ ಸಿಕ್ಕಲಿಲ್ಲ. ಆದರೆ 30 ಡಿಗ್ರಿಯ ಹವೆಯಲ್ಲಿ ಅದನ್ನು ದ್ರವವಾಗಿಡಲು ಗಾಳಿಯ ಒತ್ತಡದ ಹನ್ನೊಂದು ಹನ್ನೆರಡರಷ್ಟು ಒತ್ತಡ ಬೇಕು. ತೇವದೊಡನೆ ಅದು ತಾಮ್ರ, ಹಿತ್ತಾಳೆಗಳನ್ನು ತಿನ್ನುವುದರಿಂದ ಕೊಳವೆಗಳೆಲ್ಲ ಕಬ್ಬಿಣ ಅಥವಾ ಉಕ್ಕಿನವೇ ಆಗಬೇಕು. ಲಿಂಡೆಯನ್ನು ಹೆಚ್ಚು ಕಾಡಿದ್ದು ತತ್ತ್ವವಲ್ಲ, ಕಂಪ್ರೆಸರಿನ ದಂಡವು ಹೊರಗೆ ಬರುವ ತೂತಿನಲ್ಲಿ ಅನಿಲ ಸೋರದಂತೆ ಮುಚ್ಚುವ ಕೆಲಸ. ಅಲ್ಲಿ ಗ್ಲಿಸರಿನ್ ತುಂಬಿ ಅವನು ಅದನ್ನು ಒಂದು ಮಟ್ಟಿಗೆ ಸಾಧಿಸಿದನು. ಮುಂದಿನ ನೂರು ವರ್ಷಗಳ ಶೈತ್ಯಯಂತ್ರಗಳ ಕ್ಷೇಮಚರಿತ್ರೆಯ ಬಹುಭಾಗ ಈ ಸೋರಿಕೆಯ ಚರಿತ್ರೆಯೇ ಆಗಿದೆಯೆಂದರೆ ಅತಿಶಯೋಕ್ತಿಯಾಗದು.

ಅಮೋನಿಯದ ವಿಶೇಷ ಗುಣವೆಂದರೆ ಅದರ ವಾಸನೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅಮೋನಿಯ ಕೆಲವೇ ಹತ್ತು ಭಾಗಗಳಷ್ಟಿದ್ದರೂ ಮೂಗಿಗೆ ತಿಳಿಯುತ್ತದೆ. 300 ಭಾಗಗಳನ್ನು ಪ್ರಾಣಾಪಾಯದ ಮಟ್ಟವೆಂದು ಇಂದು ಎಣಿಸುತ್ತಾರೆ. ಈ ಎರಡರ ನಡುವಿನ ಅಂತರವೇ ಕೆಲಸಗಾರನ ಆಯುಷ್ಯ. ಕಣ್ಣು ಉರಿದು ನೀರು ಸುರಿಯುವಾಗ ಅಲ್ಲಿ ನಿಂತಿರಲು ಯಾರಿಗೂ ಮನಸ್ಸು ಬರುವುದಿಲ್ಲ. ಸೋರುವ ಜಾಗವನ್ನು ಹುಡುಕುವ ಹಳೆಯ ಉಪಾಯವೂ ಸರಳವಾದುದು: ಗಂಧಕದ ಬತ್ತಿಯನ್ನು ಹೊತ್ತಿಸಿ ಕೊಳವೆಯ ಕೂಡುಗಳ ಬಳಿ ಹಿಡಿದರೆ, ಅಮೋನಿಯವಿರುವಲ್ಲಿ ದಟ್ಟವಾದ ಬಿಳಿಯ ಹೊಗೆ ಏಳುತ್ತದೆ. ಅಮೋನಿಯವನ್ನು ನೀರು ಬಹಳವಾಗಿ ಹೀರಿಕೊಳ್ಳುವುದರಿಂದ ಒದ್ದೆಬಟ್ಟೆಯನ್ನು ಮೂಗಿಗೆ ಕಟ್ಟಿ ಹೊರಗೆ ಓಡುವುದು, ಅನಿಲದ ಮೇಲೆ ನೀರನ್ನು ತುಂತುರಾಗಿ ಚಿಮುಕಿಸುವುದು ಇವೂ ರೂಢಿಗೆ ಬಂದವು. ನೆಲದ ಮೇಲೆ ನಿಂತಿರುವ ದ್ರವ ಅಮೋನಿಯದ ಮೇಲೆ ಮಾತ್ರ ನೀರು ಸುರಿಯಬಾರದು. ಸುರಿದರೆ ಅದು ಇನ್ನೂ ವೇಗವಾಗಿ ಕುದಿದೇಳುತ್ತದೆ.

ಇನ್ನು ಕೆಲವು ಪಾಠಗಳು ಇಷ್ಟು ಸುಲಭವಾಗಿ ಬರಲಿಲ್ಲ. ಎರಡು ಕವಾಟಗಳ ನಡುವೆ ಕೊಳವೆಯ ತುಂಬ ದ್ರವವನ್ನು ಸಿಕ್ಕಿಸಿ ಮುಚ್ಚಿದರೆ, ಹವೆ ಬೆಚ್ಚಗಾದಂತೆಲ್ಲ ಅದು ಹಿಗ್ಗಿ ಕೊಳವೆಯನ್ನೇ ಒಡೆಯುತ್ತದೆ. ಕಂಪ್ರೆಸರಿಗೆ ಆವಿಯ ಬದಲು ದ್ರವ ನುಗ್ಗಿದರೆ, ದ್ರವವು ಒತ್ತಿದರೆ ಕುಗ್ಗುವ ವಸ್ತುವಲ್ಲವಾದ್ದರಿಂದ, ಯಂತ್ರದ ತಲೆಯೇ ಹಾರಿಹೋಗುತ್ತದೆ. ಇದನ್ನು ತಪ್ಪಿಸಲೆಂದೇ ಸಿಲಿಂಡರಿನ ತಲೆಯನ್ನು ಬಿಗಿಯಾದ ಸ್ಪ್ರಿಂಗಿನ ಕೆಳಗೆ ಎತ್ತಿ ಕೂರುವಂತೆ ಇಟ್ಟರು. ಯಂತ್ರದ ಎಣ್ಣೆ ಅಮೋನಿಯಕ್ಕಿಂತ ಭಾರವಾದುದರಿಂದ ಪಾತ್ರೆಗಳ ತಳದಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಆಗಾಗ ಬಸಿದು ತೆಗೆಯಬೇಕು. ನೋಡಲು ಇದು ಅತ್ಯಂತ ಕ್ಷುಲ್ಲಕವಾದ ಕೆಲಸ. ಆದರೆ ಎಣ್ಣೆ ಮುಗಿದ ಮರುಗಳಿಗೆಯಲ್ಲಿ ಅದೇ ತೂತಿನಿಂದ ಅಮೋನಿಯ ನುಗ್ಗುವುದರಿಂದ ಅನೇಕರು ಸುಟ್ಟುಕೊಂಡಿದ್ದಾರೆ. ಕೈ ಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳುವ ಕವಾಟವನ್ನು ಅಲ್ಲಿ ಜೋಡಿಸಬೇಕೆಂಬ ನಿಯಮ ಅವರ ಗಾಯಗಳಿಂದ ಹುಟ್ಟಿದುದು.

ಶೈತ್ಯಗೃಹವನ್ನು ಕುರಿತ ಮೊದಲ ದೊಡ್ಡ ದುರಂತ ಮಾತ್ರ ಅನಿಲದಿಂದಾದುದಲ್ಲ. 1893ರಲ್ಲಿ ಚಿಕಾಗೋ ನಗರದಲ್ಲಿ ನಡೆದ ಲೋಕಪ್ರದರ್ಶನದಲ್ಲಿ ಮಂಜುಗಡ್ಡೆ ತಯಾರಿಸಲೆಂದು ಮರದ ದೊಡ್ಡ ಕಟ್ಟಡವೊಂದನ್ನು ಎಬ್ಬಿಸಿದ್ದರು. ಯಂತ್ರಗಳನ್ನು ನಡೆಸುವ ಉಗಿಯ ಕುಲುಮೆಯ ಕಬ್ಬಿಣದ ಹೊಗೆಕೊಳವೆ ಕಟ್ಟಡದ ನಡುವಿನಲ್ಲಿ ಮೇಲೇರಿತ್ತು. ಅಂದಕ್ಕಾಗಿ ಅದರ ಸುತ್ತ ಮರದ ಗೋಪುರವನ್ನು ಕಟ್ಟಿ ಮರೆಮಾಡಿದ್ದರು. ಜೂನ್ ತಿಂಗಳಲ್ಲಿ ಆ ಗೋಪುರದಲ್ಲಿ ಒಮ್ಮೆ ಸಣ್ಣದಾಗಿ ಬೆಂಕಿ ಕಾಣಿಸಿ ಆರಿಸಲ್ಪಟ್ಟಿತು. ಗೋಪುರವನ್ನು ಯಾರೂ ತೆಗೆಸಲಿಲ್ಲ. ಜುಲೈ 10ರಂದು ಮತ್ತೆ ಬೆಂಕಿ ಹೊತ್ತಿದಾಗ ಅಗ್ನಿಶಾಮಕ ದಳದವರು ಗೋಪುರವನ್ನೇರಿದರು. ಅವರು ಮೇಲಿರುವಾಗ ಕೆಳಗಿನಿಂದ ಜ್ವಾಲೆ ಎದ್ದು ಇಳಿಯುವ ದಾರಿ ಇಲ್ಲವಾಯಿತು. ನೆರೆದ ಸಾವಿರಾರು ಜನರ ಕಣ್ಣೆದುರಿನಲ್ಲಿಯೇ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಈ ಪ್ರಸಂಗವನ್ನು ನಾವು ಇಲ್ಲಿ ಹೇಳುವುದಕ್ಕೆ ಎರಡು ಕಾರಣಗಳಿವೆ. ಎಚ್ಚರಿಕೆ ಮೊದಲೇ ದೊರೆತಿತ್ತೆಂಬುದು ಒಂದು. ಸತ್ತವರಲ್ಲಿ ಹೆಚ್ಚಿನವರು ಯಂತ್ರವನ್ನು ನಡೆಸುವವರಲ್ಲ, ಅದರ ವಿಷಯ ತಿಳಿಯದೆ ಹೊರಗಿನಿಂದ ಬಂದವರು ಎಂಬುದು ಇನ್ನೊಂದು. ಮುಂದೆಯೂ ಈ ಎರಡು ಅಂಶಗಳು ಮರಳಿ ಮರಳಿ ಕಾಣುತ್ತವೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಎಂಜಿನಿಯರುಗಳು ನಿಯಮಗಳನ್ನು ಬರೆಯಲು ಕೈಹಾಕಿದರು. ಅವರ ಸಂಘ 1919ರಲ್ಲಿ ತಾತ್ಕಾಲಿಕವಾದ ನಿಯಮಾವಳಿಯೊಂದನ್ನು ಹೊರತಂದಿತು. 1930ರಲ್ಲಿ ಅದಕ್ಕೆ ರಾಷ್ಟ್ರೀಯ ಮಾನಕದ ಸ್ಥಾನ ಬಂದಿತು. ಯಂತ್ರಶಾಲೆ ಪ್ರತ್ಯೇಕವಾಗಿರಬೇಕು, ಗಾಳಿ ಆಡಬೇಕು, ಒತ್ತಡ ಮೀರಿದಾಗ ತೆರೆಯುವ ಕವಾಟದ ಬಾಯಿ ಕಟ್ಟಡದ ಹೊರಗೆ ಇರಬೇಕು ಎಂಬುವೇ ಇಂಥ ನಿಯಮಗಳ ತಿರುಳು. ಉಸಿರಾಟದ ಮುಖವಾಡವನ್ನು ಯಂತ್ರಶಾಲೆಯ ಬಾಗಿಲ ಹೊರಗೆ ತೂಗುಹಾಕಬೇಕೆಂಬುದು ತೀರ ಸಣ್ಣ ವಿವರದಂತೆ ತೋರಬಹುದು. ಒಳಗೆ ಇಟ್ಟರೆ, ಬೇಕಾದಾಗ ಅದನ್ನು ತರಲು ಅನಿಲದೊಳಕ್ಕೇ ಹೋಗಬೇಕಾಗುತ್ತದೆಯೆಂದು ಯೋಚಿಸಿದಾಗ ಅದರ ಬೆಲೆ ತಿಳಿಯುತ್ತದೆ.

ಇಷ್ಟರಲ್ಲಿ ಶೈತ್ಯಯಂತ್ರ ಮನೆಗಳಿಗೂ ವಸತಿಗೃಹಗಳಿಗೂ ನುಗ್ಗಿತ್ತು. ಅಮೋನಿಯದ ಘಾಟು ಮನೆಯಲ್ಲಿ ಸಲ್ಲದೆಂದು ಮೀಥೈಲ್ ಕ್ಲೋರೈಡ್ ಎಂಬ ಅನಿಲವನ್ನು ಹಲವರು ಬಳಸಿದರು. ಅದಕ್ಕೆ ನವಿರಾದ ಸಿಹಿ ವಾಸನೆ. ಯಾರೂ ಅದನ್ನು ಲೆಕ್ಕಿಸುವಂತಿರಲಿಲ್ಲ. 1928–29ರಲ್ಲಿ ಚಿಕಾಗೋದ ವಸತಿಗೃಹಗಳಲ್ಲಿ ಅದು ಸೋರಿ, ಮಲಗಿದ್ದವರು ಮಲಗಿದ್ದಂತೆಯೇ ಸತ್ತ ಪ್ರಕರಣಗಳು ನಡೆದವು. ಬಳಿಕ ತಯಾರಕರು ಮಾಡಿದ ಪರಿಹಾರ ಗಮನಾರ್ಹವಾದುದು: ಕಣ್ಣು ಮೂಗುಗಳನ್ನು ಉರಿಸುವ ಅಕ್ರೋಲೀನ್ ಎಂಬ ಪದಾರ್ಥವನ್ನು ಅವರು ಮೀಥೈಲ್ ಕ್ಲೋರೈಡಿಗೆ ಬೇಕೆಂದೇ ಬೆರೆಸತೊಡಗಿದರು. ಯಾವ ಘಾಟನ್ನು ದೂರವಿಡಲು ಅಮೋನಿಯವನ್ನು ಬಿಟ್ಟಿದ್ದರೋ ಅಂಥದನ್ನೇ ಕೈಯಾರೆ ತಂದು ಸೇರಿಸಬೇಕಾಯಿತು. ಇದೇ ಕಾಲದಲ್ಲಿ ಬರ್ಲಿನ್ನಿನಲ್ಲಿ ಶೈತ್ಯಪೆಟ್ಟಿಗೆಯ ಅನಿಲ ಸೋರಿ ಒಂದು ಕುಟುಂಬವೇ ಅಳಿದ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದ ಆಲ್ಬರ್ಟ್ ಐನ್‌ಸ್ಟೈನರು ಲಿಯೋ ಸಿಲಾರ್ಡರೊಡನೆ ಸೇರಿ, ಚಲಿಸುವ ಅಂಗಗಳೇ ಇಲ್ಲದ, ಆದ್ದರಿಂದ ದಂಡದ ತೂತಿನಲ್ಲಿ ಸೋರುವ ಪ್ರಶ್ನೆಯೇ ಇಲ್ಲದ ಯಂತ್ರಗಳನ್ನು ರೂಪಿಸಿದರು. 1930ರಲ್ಲಿ ಅವರಿಗೆ ಅಮೆರಿಕದ ಹಕ್ಕುಪತ್ರ ಸಿಕ್ಕಿತು. ಆದರೆ ಅದೇ ವರ್ಷ ಅವರ ಶ್ರಮವನ್ನು ಅನಾವಶ್ಯಕವಾಗಿಸಿದ ಬೇರೊಂದು ಪದಾರ್ಥ ಬೆಳಕಿಗೆ ಬಂದಿತು. ಥಾಮಸ್ ಮಿಡ್ಜ್‌ಲಿ ಎಂಬ ರಸಾಯನಜ್ಞ ಅಟ್ಲಾಂಟ ನಗರದಲ್ಲಿ ವಿದ್ವಾಂಸರ ಸಭೆಯೆದುರು ಹೊಸ ಅನಿಲವನ್ನು ತಾನೇ ಸೇದಿ, ಅದನ್ನು ಮೆಲ್ಲನೆ ಊದಿ, ಉರಿಯುವ ಮೇಣದಬತ್ತಿಯನ್ನು ಆರಿಸಿದನು. ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂಬುದನ್ನು ಒಂದೇ ಉಸಿರಿನಲ್ಲಿ ತೋರಿಸಿದಂತಾಯಿತು. ಇದೇ ಫ್ರಿಯಾನ್.

ಆ ಸಭೆಯಲ್ಲಿದ್ದವರು ಮೆಚ್ಚಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಫ್ರಿಯಾನ್ ಸಾವಿರಾರು ಜೀವಗಳನ್ನು ಉಳಿಸಿರಬೇಕು. ಆದರೆ ಅದಕ್ಕೆ ವಾಸನೆ ಇಲ್ಲವೆಂಬಷ್ಟು ಕಡಿಮೆ. ಗಾಳಿಗಿಂತ ಬಹಳ ಭಾರ. ದೊಡ್ಡ ಯಂತ್ರಶಾಲೆಯ ತಗ್ಗುಗಳಲ್ಲಿ, ಹಡಗಿನ ತಳದಲ್ಲಿ ಅದು ನೀರಿನಂತೆ ನಿಂತು ಗಾಳಿಯನ್ನು ಹೊರದೂಡುತ್ತದೆ. ಕೆಳಗಿಳಿದವನಿಗೆ ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ. ಬೆಂಕಿ ತಾಕಿದರೆ ಅದು ಒಡೆದು ವಿಷಾನಿಲಗಳಾಗುತ್ತದೆ. ಸೋರಿಕೆಯನ್ನು ಕಾಣಲು ತಾಮ್ರದ ತಗಡಿದ್ದ ವಿಶೇಷವಾದ ದೀಪದ ಜ್ವಾಲೆ ಹಸುರಾಗುತ್ತದೆಯೇ ಎಂದು ನೋಡಬೇಕಾಗಿತ್ತು. ಹೆಚ್ಚು ದೊಡ್ಡ ವಿಷಯವೆಂದರೆ, ಮೂಗಿಗೆ ತಿಳಿಯದ ಸೋರಿಕೆಯನ್ನು ಯಾರೂ ಅವಸರದಿಂದ ಸರಿಪಡಿಸುವುದಿಲ್ಲ. ಅರ್ಧ ಶತಮಾನದ ಕಾಲ ಜಗತ್ತಿನಾದ್ಯಂತ ಹಾಗೆ ಸೋರಿದ ಅನಿಲ ಎಲ್ಲಿಗೆ ಹೋಯಿತೆಂಬುದನ್ನು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಣ ಓಜೋನ್ ಪದರ ತೆಳುವಾಗಿರುವುದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2016ರ ಕಿಗಾಲಿ ತಿದ್ದುಪಡಿಯು ಫ್ರಿಯಾನಿನ ಸ್ಥಾನಕ್ಕೆ ಬಂದ ಅನಿಲಗಳನ್ನೂ ಭೂಮಿಯ ತಾಪವನ್ನು ಏರಿಸುವವೆಂಬ ಕಾರಣದಿಂದ ಕ್ರಮೇಣ ತಗ್ಗಿಸಬೇಕೆಂದು ವಿಧಿಸಿತು. ಇದರಿಂದಾಗಿ ದೊಡ್ಡ ಉದ್ಯಮಗಳ ದೃಷ್ಟಿ ಮತ್ತೆ ಅಮೋನಿಯದ ಕಡೆಗೆ ತಿರುಗಿದೆ. ನೂರೈವತ್ತು ವರ್ಷ ಸುತ್ತಿ ಬಂದು ಲಿಂಡೆಯ ಬಾಗಿಲಿಗೇ ನಿಂತಂತಾಯಿತು.

ಹಾಗಾದರೆ ವಾಸನೆಯಿರುವ ದ್ರವ್ಯದಿಂದ ಕ್ಷೇಮ ತಾನಾಗಿ ದೊರೆಯುವುದೇ? ಇಲ್ಲವೆಂಬುದಕ್ಕೆ ಇತ್ತೀಚಿನ ಚರಿತ್ರೆಯೇ ಸಾಕ್ಷಿ. ಗಾಳಿಯಲ್ಲಿ ನೂರಕ್ಕೆ ಸುಮಾರು 15ರಿಂದ 28 ಭಾಗದ ವರೆಗೆ ಬೆರೆತಾಗ ಅಮೋನಿಯ ಹೊತ್ತಿ ಸಿಡಿಯಬಲ್ಲದು. ಅಷ್ಟು ದಟ್ಟವಾದ ಅನಿಲ ಬಯಲಿನಲ್ಲಿ ಸುಲಭವಾಗಿ ಕೂಡುವುದಿಲ್ಲವಾದ್ದರಿಂದ ಅದು ಉರಿಯುವುದೇ ಇಲ್ಲವೆಂಬ ಭಾವನೆ ಬೇರೂರಿತ್ತು. ಮುಚ್ಚಿದ ಶೀತಲಗೃಹ ಬಯಲಲ್ಲ. 1984ರಲ್ಲಿ ಅಮೆರಿಕದ ಶ್ರೀವ್‌ಪೋರ್ಟ್ ನಗರದ ಶೀತಲಗೃಹವೊಂದರಲ್ಲಿ ಸೋರಿಕೆ ನಿಲ್ಲಿಸಲು ಒಳಹೊಕ್ಕ ಇಬ್ಬರು ಅಗ್ನಿಶಾಮಕರು ಸ್ಫೋಟಕ್ಕೆ ಸಿಕ್ಕಿ, ಒಬ್ಬರು ಸತ್ತರು, ಇನ್ನೊಬ್ಬರು ತೀವ್ರವಾಗಿ ಸುಟ್ಟುಕೊಂಡರು. 2010ರ ಆಗಸ್ಟ್ 23ರಂದು ಅಲಬಾಮ ರಾಜ್ಯದ ಥಿಯೋಡೋರ್ ಎಂಬಲ್ಲಿ ಏಳು ಗಂಟೆಗೂ ಹೆಚ್ಚು ಕಾಲ ವಿದ್ಯುತ್ತು ಹೋಗಿ ಬಂದ ಮೇಲೆ, ಯಂತ್ರವನ್ನು ಮತ್ತೆ ನಡೆಸುವ ಅವಸರದಲ್ಲಿ ಕೆಲಸಗಾರನು ನಿಯಂತ್ರಣ ಫಲಕದ ಎಚ್ಚರಿಕೆಗಳನ್ನು ಅಳಿಸಿದನು. ಅದರಿಂದ ಹಿಮ ಕರಗಿಸುವ ಕ್ರಮ ನಡುವೆಯೇ ತುಂಡಾಗಿ, ಬಿಸಿ ಅನಿಲವೂ ಅತಿ ತಣ್ಣಗಿನ ದ್ರವವೂ ಒಂದೇ ಕೊಳವೆಯಲ್ಲಿ ಸಂಧಿಸಿ, ಮಾಳಿಗೆಯ ಮೇಲಿನ ಹನ್ನೆರಡು ಅಂಗುಲದ ಕೊಳವೆ ಬಿರಿಯಿತು. ಹೊರಬಿದ್ದ ಅಮೋನಿಯ 32,000 ಪೌಂಡು, ಎಂದರೆ ಸುಮಾರು 14,500 ಕಿಲೋಗ್ರಾಂ. ಗಾಳಿ ಬೀಸಿದ ದಿಕ್ಕಿನಲ್ಲಿ ಬೇರೆ ಕೆಲಸದಲ್ಲಿದ್ದ ನೂರೈವತ್ತಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 2013ರ ಜೂನ್ 3ರಂದು ಚೀನದ ಜಿಲಿನ್ ಪ್ರಾಂತದ ಕೋಳಿಮಾಂಸದ ಕಾರ್ಖಾನೆಯಲ್ಲಿ ವಿದ್ಯುತ್ತಿನಿಂದ ಹತ್ತಿದ ಬೆಂಕಿ ಗೋಡೆಯ ಶೈತ್ಯರಕ್ಷಕ ಪದರಕ್ಕೂ ಅಮೋನಿಯದ ಕೊಳವೆಗೂ ಹಬ್ಬಿ 121 ಮಂದಿ ಸತ್ತರು. ಹೊರಗೆ ಹೋಗುವ ಬಾಗಿಲುಗಳಿಗೆ ಬೀಗ ಹಾಕಿತ್ತು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ಒಂದು ಚಿಕ್ಕ ಪ್ರಕರಣ. ಕೆನಡದ ಫರ್ನಿ ಎಂಬ ಪಟ್ಟಣದಲ್ಲಿ ಮಂಜಿನ ಮೇಲೆ ಜಾರುವ ಆಟದ ಅಂಗಣಕ್ಕೆ ಹಳೆಯ ಶೈತ್ಯಯಂತ್ರವೊಂದಿತ್ತು. ಅಮೋನಿಯವು ಉಪ್ಪುನೀರನ್ನು ತಣಿಸುತ್ತಿತ್ತು, ಉಪ್ಪುನೀರು ಅಂಗಣದ ಕೆಳಗೆ ಹರಿಯುತ್ತಿತ್ತು. ಆ ತಣಿಸುವ ಪಾತ್ರೆಯನ್ನು ಬದಲಿಸಬೇಕೆಂಬ ಆಲೋಚನೆ ವರ್ಷಗಳ ಹಿಂದೆಯೇ ಬಂದು ಮುಂದೂಡಲ್ಪಟ್ಟಿತ್ತು. 2017ರ ಬೇಸಗೆಗೆ ಮುಂಚಿನ ಪರೀಕ್ಷೆಯಲ್ಲಿ ಉಪ್ಪುನೀರಿನಲ್ಲಿ ಅಮೋನಿಯ ಸೇರಿರುವುದು ಕಂಡಿತು. ಪಾತ್ರೆ ಒಳಗೊಳಗೇ ಸೋರುತ್ತಿದೆಯೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಬೇಸಗೆಯಲ್ಲಿ ಯಂತ್ರ ನಿಂತಿತ್ತು. ಅಕ್ಟೋಬರಿನಲ್ಲಿ ಆಟದ ಕಾಲ ಬಂದಾಗ ಅದನ್ನೇ ಮತ್ತೆ ನಡೆಸಿದರು. ಅಕ್ಟೋಬರ್ 17ರಂದು ಉಪ್ಪುನೀರಿನ ಕೊಳವೆಯ ಕೂಡು ಕಳಚಿ ಅಮೋನಿಯ ಒಮ್ಮೆಗೇ ನುಗ್ಗಿತು. ಸರಿಪಡಿಸಲು ಹೋದ ಮೂವರು ಹಿಂದಿರುಗಲಿಲ್ಲ. ಇಲ್ಲಿ ದ್ರವ್ಯ ತನ್ನ ಎಚ್ಚರಿಕೆಯನ್ನು ಕೊಟ್ಟಿತ್ತು, ಪರೀಕ್ಷೆ ಅದನ್ನು ಹಿಡಿದಿತ್ತು, ಬರಹದಲ್ಲಿ ಅದು ದಾಖಲಾಗಿತ್ತು. ನಡುವೆ ಇದ್ದ ಒಂದು ಬೇಸಗೆಯ ಬಿಡುವು ಮಾತ್ರ ವ್ಯರ್ಥವಾಯಿತು.

ನಮ್ಮ ಕರಾವಳಿಯವರಿಗೆ ಈ ಯಂತ್ರದ ಚಿತ್ರ ಹೊಸದಲ್ಲ. ಮಲ್ಪೆ, ಮಂಗಳೂರು, ಕಾರವಾರಗಳ ಐಸ್ ಪ್ಲಾಂಟುಗಳಲ್ಲಿ ನೀರು ತುಂಬಿದ ಉದ್ದನೆಯ ಡಬ್ಬಿಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಅಮೋನಿಯ ಹರಿಯುವ ಕೊಳವೆಗಳಿಂದ ಆ ಉಪ್ಪುನೀರನ್ನು ತಣಿಸಿ ಗಡ್ಡೆ ಕಟ್ಟುವ ಕ್ರಮ ಹತ್ತೊಂಬತ್ತನೆಯ ಶತಮಾನದಿಂದ ಹೆಚ್ಚು ಬದಲಾಗದೆ ಬಂದುದು. ಉಕ್ಕಿನ ಕೊಳವೆಗೆ ಉಪ್ಪುನೀರು, ಕಡಲಗಾಳಿ, ಎರಡೂ ಶತ್ರುಗಳು. ಭಾರತೀಯ ಮಾನಕ ಸಂಸ್ಥೆ ಯಾಂತ್ರಿಕ ಶೈತ್ಯೀಕರಣದ ಕ್ಷೇಮ ನಿಯಮಾವಳಿಯನ್ನು 660ನೆಯ ಸಂಖ್ಯೆಯ ಮಾನಕವಾಗಿ 1963ರಲ್ಲಿಯೇ ಪ್ರಕಟಿಸಿತು. ಮರುವರ್ಷ ಕೇಂದ್ರ ಸರಕಾರ ಶೀತಲಗೃಹಗಳನ್ನು ಕುರಿತ ಆಜ್ಞೆಯನ್ನು ಹೊರಡಿಸಿತು. ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕರ ಉದ್ಯಮಗಳ ಅಧ್ಯಾಯ ಸೇರಿತು. ನಿಯಮಗಳ ಕೊರತೆ ನಮ್ಮಲ್ಲಿ ಇಲ್ಲ. ಆದರೆ ನಿಯಮಗಳು ದೊಡ್ಡ ಕಾರ್ಖಾನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದವು. ಮೂರು ನಾಲ್ಕು ಆಳುಗಳು ನಡೆಸುವ, ಯಂತ್ರದ ಬಗ್ಗೆ ಬಾಯಿಮಾತಿನಲ್ಲಿಯೇ ಕಲಿತವರ ಐಸ್ ಪ್ಲಾಂಟಿನೊಳಗೆ ಅವು ಎಷ್ಟು ದೂರ ಹೋಗುತ್ತವೆಂಬುದು ಬೇರೆಯ ಪ್ರಶ್ನೆ.

ಫರ್ನಿಯ ಬೇಸಗೆಗೆ ಸಮನಾದ ಬಿಡುವು ನಮ್ಮ ಕರಾವಳಿಯಲ್ಲಿಯೂ ಇದೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದಾಗ ಮಂಜುಗಡ್ಡೆಗೆ ಕೇಳಿಕೆಯೂ ಇಳಿಯುತ್ತದೆ. ಆಗಸ್ಟಿನ ಮೊದಲ ದಿನಗಳಲ್ಲಿ ಎಲ್ಲ ದೋಣಿಗಳೂ ಒಟ್ಟಿಗೇ ಮಂಜುಗಡ್ಡೆ ಕೇಳುವಾಗ, ಎರಡು ತಿಂಗಳ ಮಳೆಯಲ್ಲಿ ತಣ್ಣಗೆ ನಿಂತಿದ್ದ ಕೊಳವೆಗಳಿಗೆ ಒಮ್ಮೆಲೇ ಒತ್ತಡ ಬೀಳುತ್ತದೆ. ಉಪ್ಪುನೀರಿನ ಒಂದು ಲೋಟವನ್ನು ತೆಗೆದು ಅಮೋನಿಯದ ಪರೀಕ್ಷೆ ಮಾಡಲು, ಕೂಡುಗಳ ಉದ್ದಕ್ಕೂ ಗಂಧಕದ ಬತ್ತಿಯನ್ನು ಹಿಡಿದು ನೋಡಲು, ತುಕ್ಕು ಹಿಡಿದ ಕೊಳವೆಯನ್ನು ಕತ್ತರಿಸಿ ಹೊಸದನ್ನು ಬೆಸೆಯಲು ಜುಲೈ ತಿಂಗಳಲ್ಲಿ ಬೇಕಾದಷ್ಟು ಸಮಯವಿರುತ್ತದೆ, ಆಗಸ್ಟಿನಲ್ಲಿ ಇರುವುದಿಲ್ಲ.